ಪಿಸ್ಗಾದ ತುದಿಯಿಂದ ಕಂಡ ದೇಶ



ಬೆಟ್ಟದ ತುದಿಗೆ ಹತ್ತಿ ಕೆಳಗಣ ಸೀಮೆಯನ್ನು ನೋಡಬೇಕೆಂಬ ಆಶೆಯು ಮನುಷ್ಯರಿಗೆ ಸಹಜವಾದದ್ದು. ಅದರಲ್ಲಿ ದೋಷವೇನೂ ಇಲ್ಲ. ನಮ್ಮ ನಾಡಿನವರು ಮುಳ್ಳಯ್ಯನಗಿರಿಯನ್ನು ಹತ್ತುತ್ತಾರೆ. ಕೊಡಚಾದ್ರಿಯ ಮೇಲೆ ನಿಂತು ಸೂರ್ಯನು ಪಡುವಣ ಕಡಲಿಗೆ ಇಳಿಯುವದನ್ನು ನೋಡುತ್ತಾರೆ. ನಾವು ಈಗ ವಿಚಾರಿಸತಕ್ಕದ್ದು ದೂರದ ಒಂದು ಬೆಟ್ಟವನ್ನು. ಅದು ಯೊರ್ದನ್ ಹೊಳೆಯ ಮೂಡಣ ದಿಕ್ಕಿನಲ್ಲಿ, ಮಾದಬಾ ಎಂಬ ಊರಿನ ಸಮೀಪದಲ್ಲಿರುವ ನೆಬೋ. ಅದರ ತುದಿಗಳಲ್ಲೊಂದನ್ನು ಪಿಸ್ಗಾ ಎಂದು ಕರೆಯುತ್ತಾರೆ.

ನೆಬೋ ಬೆಟ್ಟದ ಎತ್ತರವು ಸುಮಾರು 800 ಮೀಟರು ಮಾತ್ರ. ಮುಳ್ಳಯ್ಯನಗಿರಿಯು 1,930 ಮೀಟರು, ಕೊಡಚಾದ್ರಿಯು 1,343 ಮೀಟರು. ಹೀಗಿದ್ದರೂ ನೆಬೋವಿನಿಂದ ಕಾಣುವಷ್ಟು ವಿಸ್ತಾರವಾದ ನೋಟ ಯಾಕೆ? ಅದರ ಮುಂದಿರುವ ತಗ್ಗಿನ ದೆಸೆಯಿಂದಲೇ. ಅಲ್ಲಿಯ ಲವಣಸಮುದ್ರದ ನೀರು ಬೇರೆ ಸಮುದ್ರಗಳ ಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ಕೆಳಗಿದೆ. ಭೂಮಿಯ ಮೇಲೆ ಅಷ್ಟು ತಗ್ಗಾದ ದಡ ಮತ್ತೊಂದಿಲ್ಲ. ಹೀಗೆ ತುದಿಯಲ್ಲಿ ನಿಂತವನ ಕಣ್ಣು 1,200 ಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿದು, ತಿರಿಗಿ ಆಚೆಯ ಯೆಹೂದದ ಗುಡ್ಡಗಳನ್ನು ಏರುತ್ತದೆ. ಯೆರಿಕೋ ಅಲ್ಲಿಂದ ಸುಮಾರು 27 ಕಿಲೋಮೀಟರು. ಯೆರೂಸಲೇಮು ಸುಮಾರು 46. ಮಳೆ ಬಿದ್ದು ಆಕಾಶ ತೊಳೆದಂತಿರುವ ಚಳಿಗಾಲದ ದಿವಸದಲ್ಲಿ ಎಣ್ಣೇಮರಗಳ ಗುಡ್ಡದ ಮೇಲಣ ಗೋಪುರಗಳು ಕಾಣಿಸುತ್ತವೆ. ಬೇಸಿಗೆಯಲ್ಲಿ ಹೋದವರು ತಗ್ಗಿನಿಂದ ಏಳುವ ಮಬ್ಬನ್ನು ನೋಡಿಕೊಂಡು ಹಿಂದಿರುಗುವದೂ ಉಂಟು. ಆದದರಿಂದ ಹೋಗಬೇಕೆನ್ನುವವರು ಕಾಲವನ್ನು ಅರಿತು ಹೋಗುವದು ಒಳ್ಳೇದು. 1932ರಲ್ಲಿ ಫ್ರಾನ್ಸಿಸ್ಕನ್ ಮಠದವರು ಈ ಸ್ಥಳವನ್ನು ಕೊಂಡುಕೊಂಡು, ಮರುವರುಷ ಅಗೆಯಲಾರಂಭಿಸಿದಾಗ ಪೂರ್ವಕಾಲದ ದೇವಾಲಯವೊಂದು ಮಣ್ಣಿನೊಳಗಿಂದ ಹೊರಬಂತು. ಆರನೆಯ ಶತಮಾನದವರು ಬಣ್ಣದ ಚಿಕ್ಕ ಕಲ್ಲುಗಳನ್ನು ಕೂಡಿಸಿ ಅದರ ನೆಲದಲ್ಲಿ ಬೇಟೆಗಾರರನ್ನೂ ಕುರುಬರನ್ನೂ ಮೃಗಗಳನ್ನೂ ಬರೆದಿದ್ದಾರೆ.

ಈ ಬೆಟ್ಟದ ಮೇಲೆ ನೋಡುವದಕ್ಕೆ ಬಂದವರಲ್ಲಿ ಇಬ್ಬರನ್ನು ಸತ್ಯವೇದವು ನಮಗೆ ತೋರಿಸುತ್ತದೆ. ಮೊದಲನೆಯವನು ಬಿಳಾಮನು. ಮೋವಾಬಿನ ಅರಸನಾದ ಬಾಲಾಕನು ಇಸ್ರಾಯೇಲ್ಯರನ್ನು ಶಪಿಸಲಿಕ್ಕೆ ಅವನನ್ನು ಕೂಲಿಗೆ ಕರೆಯಿಸಿದ ಸಂಗತಿಯನ್ನು ಅರಣ್ಯಕಾಂಡದಲ್ಲಿ ಓದಿದ್ದೀರಿ. ಒಂದು ಬೆಟ್ಟದಿಂದ ನೋಡಿದಾಗ ಶಾಪವು ಬಾಯಿಗೆ ಬರಲಿಲ್ಲ. ಆಗ ಅರಸನು ಏನು ಮಾಡಿದನು? ಜನವೆಲ್ಲಾ ಕಾಣದೆ ಅದರ ಒಂದು ಅಂಚು ಮಾತ್ರ ಕಾಣುವ ಸ್ಥಳಕ್ಕೆ, ಪಿಸ್ಗಾದ ತುದಿಗೆ, ಅವನನ್ನು ಕರಕೊಂಡು ಹೋದನು. ಏಳು ಯಜ್ಞವೇದಿಗಳು, ಏಳು ಹೋರಿಗಳು, ಏಳು ಟಗರುಗಳು. ಅಲ್ಲಿಯೂ ಆಶೀರ್ವಾದವೇ ಹೊರಟಿತು. ಮೂರನೆಯ ಸಲ ಪೆಗೋರ್ ಬೆಟ್ಟಕ್ಕೆ! ನಿಂತ ಸ್ಥಳವನ್ನು ಬದಲಿಸಿದರೆ ದೇವರ ಮಾತೂ ಬದಲಾದೀತೆಂಬುದು ಆ ಅರಸನ ಬುದ್ಧಿ.

ಪ್ರಿಯರೇ, ಬಾಲಾಕನು ಸತ್ತು ಬಹಳ ಕಾಲವಾಯಿತು; ಆ ಬುದ್ಧಿಯು ಸಾಯಲಿಲ್ಲ. ನಮ್ಮ ಹಳ್ಳಿಗಳಲ್ಲಿ ಬದುವಿನ ವಿಷಯವಾಗಿ ವ್ಯಾಜ್ಯ ಎದ್ದಾಗ ಹಿರಿಯರನ್ನು ಕರಕೊಂಡು ಹೋಗಿ ಎಲ್ಲಿ ನಿಲ್ಲಿಸುತ್ತೇವೆ? ನೆರೆಯವನು ಒತ್ತಿಕೊಂಡ ಮೂಲೆಯು ಕಾಣುವಲ್ಲಿ ನಿಲ್ಲಿಸುತ್ತೇವೆ. ಅವನು ನಮ್ಮ ಗದ್ದೆಗೆ ನೀರು ಬಿಟ್ಟುಕೊಟ್ಟ ತೂಬು ಕಾಣುವಲ್ಲಿ ಅಲ್ಲ. ಒಬ್ಬ ಸಹೋದರನು ಒಂದು ಭಾನುವಾರ ಆರಾಧನೆಗೆ ತಪ್ಪಿದರೆ ಆ ಅಂಚನ್ನು ಮಾತ್ರ ಹಿಡಿದು ಅವನನ್ನೆಲ್ಲಾ ಶಪಿಸುವವರು ಸಭೆಯೊಳಗೆ ಇಲ್ಲವೇ?

ಎರಡನೆಯವನು ಮೋಶೆ. ನೂರಿಪ್ಪತ್ತು ವರುಷದ ಮುದುಕನು ಒಬ್ಬಂಟಿಗನಾಗಿ ಮೋವಾಬಿನ ಬೈಲಿನಿಂದ ಹತ್ತಿದನು. ಗಿಲ್ಯಾದಿನಿಂದ ದಾನಿನ ವರೆಗೂ, ನಫ್ತಾಲಿ, ಎಫ್ರಾಯೀಮ್, ಮನಸ್ಸೆ, ಯೆಹೂದ ಸೀಮೆಗಳನ್ನೂ ಪಶ್ಚಿಮ ಸಮುದ್ರದ ವರೆಗೂ ದೇವರು ಅವನಿಗೆ ತೋರಿಸಿದನೆಂದು ಬರೆದದೆ. ಈಗ ಅಲ್ಲಿ ನಿಂತವರಿಗೆ ಆ ಸಮುದ್ರವು ಕಾಣುವದಿಲ್ಲ. ಯೆಹೂದದ ಗುಡ್ಡಗಳ ಸಾಲು ನಡುವೆ ನಿಂತದೆ. ಇದನ್ನು ಹಿಡುಕೊಂಡು ವಾದಿಸುವವರಿದ್ದಾರೆ. ನಮಗೆ ಆ ವಾದ ಬೇಡ. ಮೋಶೆಯ ಕಣ್ಣು ಎಷ್ಟು ದೂರ ಹೋಯಿತೆಂಬದಲ್ಲ, ದೇವರು ಎಷ್ಟನ್ನು ತೋರಿಸಿದನೆಂಬದೇ ಅಲ್ಲಿಯ ವಿಷಯ.

ಆದರೆ ಈ ನೋಟವು ಅವನಿಗೆ ಸುಲಭವಾಗಿತ್ತೆಂದು ಯಾರೂ ಎಣಿಸಬಾರದು. ನಾನೂ ದಾಟಿಹೋಗಿ ಆ ದೇಶವನ್ನು ನೋಡುವೆನು ಎಂದು ಅವನು ಬೇಡಿಕೊಂಡಿದ್ದನು. ಇನ್ನು ಈ ಮಾತನ್ನು ಎತ್ತಬೇಡವೆಂಬ ಉತ್ತರ ದೊರಕಿತು. ನಾಲ್ವತ್ತು ವರುಷ ಹೊತ್ತುಕೊಂಡು ಬಂದ ಜನರು ನಾಳೆ ಹೊಳೆಯನ್ನು ದಾಟುವರು. ಅವನು ಇಲ್ಲೇ ಸಾಯುವನು. ಅವನ ಸಮಾಧಿಯ ಗುರುತು ಸಹ ಉಳಿಯದು. ನಮ್ಮ ಸಭೆಗಳಲ್ಲಿ ಮೊದಲು ದೀಕ್ಷಾಸ್ನಾನ ಹೊಂದಿದವರಲ್ಲಿ ಅನೇಕರು ಮನೆಯ ಪಾಲನ್ನೂ ಊರಿನ ಬಾವಿಯ ನೀರನ್ನೂ ಕಳಕೊಂಡು, ಮಕ್ಕಳು ಅಕ್ಷರ ಓದುವದನ್ನು ನೋಡುವದಕ್ಕೆ ಮುಂಚೆಯೇ ಮಣ್ಣಿಗೆ ಸೇರಿದರು. ಅವರು ನೆಟ್ಟ ತೆಂಗಿನ ನೀರನ್ನು ನಾವು ಕುಡಿಯುತ್ತೇವೆ. ಅವರಿಗೆ ಯಾಕೆ ಕೊಡಲಿಲ್ಲವೆಂದು ಕೇಳುವ ಮಕ್ಕಳಿಗೆ ನಾವು ಬೇಗನೆ ಉತ್ತರ ಹೇಳದಿರುವದೇ ಲೇಸು. ಮೋಶೆಗೂ ಅಂದು ದಾಟುವ ಅಪ್ಪಣೆ ಸಿಕ್ಕಲಿಲ್ಲ. ನೋಟವು ಮಾತ್ರ ಸಿಕ್ಕಿತು.

ಬಹು ಶತಮಾನಗಳ ಮೇಲೆ ಅವನನ್ನು ತಿರಿಗಿ ಒಂದು ಬೆಟ್ಟದ ಮೇಲೆ ಕಾಣುತ್ತೇವೆ. ಕರ್ತನ ರೂಪವು ಪ್ರಕಾಶವಾದ ಆ ಬೆಟ್ಟದ ಹೆಸರನ್ನು ಸುವಾರ್ತಿಕರು ಹೇಳಲಿಲ್ಲ. 600 ಮೀಟರಿಗೂ ಕಡಿಮೆಯಾದ ತಾಬೋರೆಂದು ಕೆಲವರು, 2,814 ಮೀಟರಿನ ಹೆರ್ಮೋನೆಂದು ಕೆಲವರು ಹೇಳುತ್ತಾರೆ. ತಾಬೋರಾದರೆ ಮೋಶೆಯು ಆ ದಿವಸ ತಾನು ಬೇಡಿದ ದೇಶದ ನಡುವೆಯೇ ನಿಂತನು. ಹೆರ್ಮೋನಾದರೆ ಅದರ ಮೇರೆಯಲ್ಲಿ. ಅವನು ಕರ್ತನ ಸಂಗಡ ಮಾತಾಡಿದ್ದು ಬೆಟ್ಟದ ಸೊಬಗನ್ನು ಕುರಿತಲ್ಲ, ಯೆರೂಸಲೇಮಿನಲ್ಲಿ ಆಗಬೇಕಾಗಿದ್ದ ಮರಣವನ್ನು ಕುರಿತು. ಪೇತ್ರನಾದರೋ ಆ ನೋಟವನ್ನು ಬಿಡಲಾರದೆ, ಅಲ್ಲೇ ಮೂರು ಗುಡಾರಗಳನ್ನು ಕಟ್ಟೋಣವೆಂದನು. ಆದರೆ ಮರುದಿನ ಅವರು ಕೆಳಗಿಳಿದು ಬಂದಾಗ, ಜನರ ಗುಂಪಿನೊಳಗಿಂದ ಒಬ್ಬ ತಂದೆಯು ಗಟ್ಟಿಯಾಗಿ ಕೂಗುತ್ತಾ ಎದುರಿಗೆ ಬಂದನು. ನೊರೆ ಸುರಿಸುತ್ತಿದ್ದ ಅವನ ಒಬ್ಬನೇ ಮಗನನ್ನು ಕೆಳಗಿದ್ದ ಶಿಷ್ಯರಿಂದ ಸ್ವಸ್ಥಮಾಡಲಿಕ್ಕೆ ಆಗದೆ ಹೋಗಿತ್ತು.