ನೋಡಿದ್ದಕ್ಕೆ ಮಜೂರಿ

ಕಾರು ನಿಂತಲ್ಲಿ ಸರಿ, ಮೆಲ್ಲಗೆ ಹೋದರೂ ಸರಿ. ಚಡಾವಿನಲ್ಲಿ ಅಕ್ಸಿಲರೇಟರ್ ಒತ್ತಿದರೆ ಮಾತ್ರ ಇಡೀ ಗಾಡಿ ಗಡಗಡ ಅಲುಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕ, ಪೆರ್ಲ ಅಂತ ಓಡಾಡುವ ಹಳೇ ಗಾಡಿಯವರಿಗೆ ಈ ಕಾಯಿಲೆಯ ಪರಿಚಯ ಉಂಟು. ಮೂರು ಗ್ಯಾರೇಜಿಗೆ ಹೋದರೆ ಮೂರು ಉತ್ತರ. ಒಬ್ಬರು ಟಯರ್ ಅಂತಾರೆ, ಇನ್ನೊಬ್ಬರು ಎಂಜಿನ್ ಮೌಂಟಿಂಗ್, ಮತ್ತೊಬ್ಬರು ಪ್ಲಗ್. ಮೂರನ್ನೂ ಬದಲಾಯಿಸಿ, ಮೂರು ಬಿಲ್ಲು ಕಟ್ಟಿದ ಮೇಲೂ ಗಾಡಿ ಹಾಗೇ ಅಲುಗಿದರೆ ಅದನ್ನು ಮೋಸ ಅನ್ನಬಹುದೇ? ಅಥವಾ ಬರೀ ಗೊತ್ತಿಲ್ಲದಿರುವಿಕೆಯೇ?

ಮೊದಲು ಅಲುಗಾಟವನ್ನೇ ಸ್ವಲ್ಪ ನೋಡುವ. ಎಲ್ಲ ಅಲುಗಾಟ ಒಂದೇ ಅಲ್ಲ. ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ, ಕಾಲು ಒತ್ತಿದರೂ ತೆಗೆದರೂ ಸ್ಟಿಯರಿಂಗ್ ನಡುಗಿದರೆ ಹೆಚ್ಚಾಗಿ ಚಕ್ರದ ಬ್ಯಾಲೆನ್ಸ್ ತಪ್ಪಿರುತ್ತದೆ. ಬ್ರೇಕ್ ಹಾಕುವಾಗ ಮಾತ್ರ ನಡುಗಿದರೆ ಬ್ರೇಕಿನ ಡಿಸ್ಕ್ ನೋಡಬೇಕು. ಎಂಜಿನ್ನಿನ ದೀಪ ಮಿನುಗಿ ಗಾಡಿ ಎಳೆಯಲಾರದೆ ಜಗ್ಗಿದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ. ಪ್ಲಗ್ಗೋ ಕಾಯಿಲೋ ಇರಬಹುದು. ದೀಪ ಇಲ್ಲ, ಎಂಜಿನ್ನಿನ ಶಬ್ದ ಸರಿ ಉಂಟು, ಭಾರ ಬಿದ್ದಾಗ ಮಾತ್ರ ಅಲುಗುತ್ತದೆ ಅಂತಾದರೆ, ಎದುರಿನ ಚಕ್ರ ಎಳೆಯುವ ಕಾರುಗಳಲ್ಲಿ ಗೇರ್ ಬಾಕ್ಸಿನ ಬದಿಯ ಸಿ.ವಿ. ಜಾಯಿಂಟಿನ ಮೇಲೆ ಸಂಶಯ ಹೋಗಬೇಕು. ಜೀಪಿನಲ್ಲಾದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್. ಜಾಯಿಂಟಿಗೆ ಒಂದು ರಬ್ಬರಿನ ಬೂಟು ಇರುತ್ತದೆ. ಅದು ಹರಿದರೆ ಒಳಗಿನ ಗ್ರೀಸ್ ಹೊರಗೆ, ಹೊರಗಿನ ಕೆಸರು ಒಳಗೆ. ನಮ್ಮ ಮಳೆ, ನಮ್ಮ ಮುರಕಲ್ಲಿನ ಕೆಂಪು ನೀರು, ಮತ್ತೆ ಹೇಳಬೇಕೇ? ಹರಿದದ್ದು ಮೊದಲೇ ಕಂಡರೆ ಬೂಟಿನ ಖರ್ಚಿನಲ್ಲಿ ಮುಗಿಯುತ್ತದೆ. ಸವೆದ ಮೇಲೆ ಜಾಯಿಂಟನ್ನೇ ಬದಲಾಯಿಸಬೇಕು. ಆದರೆ ಇದನ್ನು ಕಾಣಲಿಕ್ಕೆ ಯಾರಾದರೂ ಗಾಡಿಯ ಅಡಿಗೆ ಮಲಗಬೇಕು, ಶಾಫ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಬೇಕು.

ಕಾಯಿಲ್ ವಿಷಯದಲ್ಲಿ ಒಳ್ಳೆಯ ಮೆಕ್ಯಾನಿಕ್ ಮಾಡುವ ಒಂದು ಕೆಲಸ ನನಗೆ ಬಹಳ ಇಷ್ಟ. ಸ್ಕ್ಯಾನರ್ ಒಂದನೇ ಸಿಲಿಂಡರ್ ಅಂತ ತೋರಿಸಿತು ಅನ್ನಿ. ಅವರು ಕೂಡಲೇ ಹೊಸ ಕಾಯಿಲ್ ತರಿಸುವುದಿಲ್ಲ. ಒಂದರ ಕಾಯಿಲನ್ನು ಎರಡಕ್ಕೆ, ಎರಡರದ್ದನ್ನು ಒಂದಕ್ಕೆ ಹಾಕಿ ಓಡಿಸುತ್ತಾರೆ. ದೋಷ ಎರಡಕ್ಕೆ ಬಂದರೆ ಕಾಯಿಲೇ ಕಳ್ಳ. ಒಂದರಲ್ಲೇ ನಿಂತರೆ ಬೇರೆ ಕಡೆ ಹುಡುಕಬೇಕು. ತರ್ಕಶಾಸ್ತ್ರದವರು ಅನ್ವಯ, ವ್ಯತಿರೇಕ ಎಂದು ಹೇಳಿದ್ದು ಇದನ್ನೇ: ಇದು ಇದ್ದಲ್ಲಿ ಅದುಂಟು, ಇದಿಲ್ಲದಲ್ಲಿ ಅದಿಲ್ಲ. ಆಯುರ್ವೇದದಲ್ಲಿ ಉಪಶಯ ಅಂತ ಒಂದು ಉಂಟು. ರೋಗ ಯಾವುದೆಂದು ಸ್ಪಷ್ಟವಾಗದಾಗ ಔಷಧವನ್ನೋ ಪಥ್ಯವನ್ನೋ ಕೊಟ್ಟು, ಯಾವುದಕ್ಕೆ ಇಳಿಯುತ್ತದೆ ನೋಡಿ ರೋಗವನ್ನು ಗುರುತಿಸುವುದು. ಹಾಗಾಗಿ ಪ್ರಯೋಗ ಮಾಡಿ ನೋಡುವುದೇ ತಪ್ಪು ಅಂತ ಹೇಳಲಿಕ್ಕೆ ಬರುವುದಿಲ್ಲ. ಕಾಯಿಲ್ ಅದಲುಬದಲು ಮಾಡಿದರೆ ಖರ್ಚಿಲ್ಲ, ಹಿಂದಕ್ಕೆ ಹಾಕಬಹುದು. ಸಾವಿರಾರು ರೂಪಾಯಿಯ ಸಾಮಾನು ಹಾಕಿ "ಈಗ ನೋಡುವ" ಅಂದರೆ ಪ್ರಯೋಗ ಅವರದ್ದು, ಖರ್ಚು ನಮ್ಮದು. ಅದನ್ನಾದರೂ ಮೊದಲೇ ಹೇಳಿದರೆ ಆದೀತು. ಮೋಸ ಎನ್ನುವುದು ಊಹೆಯಲ್ಲಿಲ್ಲ, ಊಹೆಯನ್ನು ತಿಳಿವಳಿಕೆ ಅಂತ ಬಿಲ್ಲಿನಲ್ಲಿ ಬರೆಯುವುದರಲ್ಲಿ ಉಂಟು.

ಇಷ್ಟು ಹೇಳಿ ನಿಲ್ಲಿಸಿದರೆ ಮೆಕ್ಯಾನಿಕರಿಗೆ ಅನ್ಯಾಯ. ಈ ಚಾಳಿಗೆ ನಮ್ಮ ಪಾಲೂ ದೊಡ್ಡದೇ. ಒಬ್ಬರು ಒಂದು ಗಂಟೆ ಅಡಿಯಲ್ಲಿ ಮಲಗಿ, ಸಡಿಲಾದ ಒಂದು ಬೋಲ್ಟು ಕಂಡುಹಿಡಿದು ಬಿಗಿದು, ಐನೂರು ರೂಪಾಯಿ ಕೇಳಲಿ. "ಎಂತ ಮಾರಾಯ್ರೆ, ಏನೂ ಹಾಕಲಿಲ್ಲ, ಐನೂರು ಎಂತದಕ್ಕೆ?" ಎನ್ನುತ್ತೇವೆ. ನಾಲ್ಕು ಹೊಸ ಸಾಮಾನು ಹಾಕಿ ನಾಲ್ಕು ಸಾವಿರ ತೆಗೆದುಕೊಂಡವರಿಗೆ ತಕರಾರಿಲ್ಲ, ಡಬ್ಬ ಕಾಣುತ್ತದಲ್ಲ! ಸೂಜಿ ಕೊಡದ ಡಾಕ್ಟ್ರನ್ನು ಡಾಕ್ಟ್ರೇ ಅಲ್ಲ ಅಂದವರು ನಮ್ಮಲ್ಲಿ ಕಡಿಮೆಯೇ? ಶಾಲೆಯಲ್ಲೂ ಹಾಗೆ. ಮಗು ಲೆಕ್ಕದಲ್ಲಿ ಹಿಂದೆ ಅಂದಕೂಡಲೇ ಟ್ಯೂಶನ್. ಹಿಂದಿನ ಬೆಂಚಿನಿಂದ ಬೋರ್ಡು ಕಾಣುತ್ತದೋ ಇಲ್ಲವೋ ಅಂತ ನೋಡಿದ ಮಾಷ್ಟ್ರಿಗೆ ಯಾರೂ ಸಂಬಳ ಹೆಚ್ಚಿಸುವುದಿಲ್ಲ. ಮಾಧವಕರ ಎಂಬ ಪಂಡಿತ ಬರೆದ "ಮಾಧವ ನಿದಾನ"ದಲ್ಲಿ ರೋಗ ಗುರುತಿಸುವ ವಿದ್ಯೆ ಮಾತ್ರ ಉಂಟು, ಚಿಕಿತ್ಸೆ ಇಲ್ಲ. ಅಂಥ ಪುಸ್ತಕವನ್ನು ಇಷ್ಟು ಶತಮಾನ ಉಳಿಸಿಕೊಂಡ ಜನ ನಾವು.

ಕಾರಣ ಹುಡುಕುವುದರ ಬೆಲೆ ನಮ್ಮ ಜಿಲ್ಲೆಗೆ ಗೊತ್ತಿಲ್ಲದ್ದಲ್ಲ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಹೊಡೆದರು. ಮಕ್ಕಳು ಕಾಯಿಲೆಯಲ್ಲಿ ಹುಟ್ಟಿದಾಗ ದೈವದ ಮುನಿಸು ಎಂದವರೂ ಇದ್ದರು. ಪಡ್ರೆಯ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ಒಂದೇ ಕಡೆ ಇಷ್ಟು ರೋಗ ಯಾಕೆ ಅಂತ ವರ್ಷಗಟ್ಟಲೆ ಗಮನಿಸಿದರು, ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹೇರಿದ್ದು 2011ರಲ್ಲಿ. ಗಮನಿಸಿದ ಆ ವರ್ಷಗಳಿಗೆ ಯಾರು ಬಿಲ್ಲು ಮಾಡಿದ್ದಾರೆ?

ಕಾರಿಗೇ ಬರುವ. ಬಾಡಿಗೆ ಜೀಪಿನವರು ಹೇಳುವ ಮಾತೂ ನ್ಯಾಯವೇ: "ನನಗೆ ಕಾರಣ ಬೇಡ ಅಣ್ಣ, ನಾಳೆ ಬೆಳಿಗ್ಗೆ ಟ್ರಿಪ್ ಉಂಟು, ಎಂತಾದರೂ ಹಾಕಿ ಓಡಿಸಿ ಕೊಡಿ." ಅಲ್ಲಿ ಊಹೆಯ ಖರ್ಚನ್ನು ಅವರೇ ತಿಳಿದು ಒಪ್ಪಿದ್ದಾರೆ, ಮೆಕ್ಯಾನಿಕರ ಮೇಲೆ ದೂರು ಹಾಕುವಂತಿಲ್ಲ. ಉಳಿದವರು ಗಾಡಿ ಬಿಡುವಾಗಲೇ "ನೋಡಿದ್ದಕ್ಕೆ ಬೇರೆ ಮಜೂರಿ ಕೊಡ್ತೇನೆ, ಕೇಳದೆ ಏನೂ ಹಾಕಬೇಡಿ" ಎನ್ನಬಹುದು. ಬಿಚ್ಚಿದ ಹಳೇ ಸಾಮಾನು ಕೇಳಿ ತೆಗೆದುಕೊಳ್ಳಬಹುದು. ಅರ್ಧ ದಿವಸ ನೋಡಿಯೂ ಕಾರಣ ಸಿಕ್ಕದಿದ್ದರೆ? ಆಗಲೂ ಕೊಡಬೇಕು ಅಂತಲೇ ನನ್ನ ಲೆಕ್ಕ. ಟಯರಲ್ಲ, ಮೌಂಟಿಂಗಲ್ಲ, ಕಾಯಿಲಲ್ಲ ಅಂತ ಅವರು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಮುಂದಿನ ಗ್ಯಾರೇಜಿನವರು ಅಲ್ಲಿಂದ ಶುರು ಮಾಡಬಹುದು.