ಬಿರುಕಿಗೂ ಒಂದು ದತ್ತಿ

ಪಶ್ಚಿಮ ಬೆಂಗಳೂರಿನಲ್ಲಿ ದುಡಿಯುವ ಪಾರ್ಕಿಂಗ್ ಜಾಗ ಎಂದರೆ ಮಾಲ್‌ಗಳ ನೆಲಮಾಳಿಗೆ ಮಾತ್ರ ನೆನಪಾಗಬೇಕಿಲ್ಲ. ರಾಜಾಜಿನಗರದಿಂದ ಕೆಂಗೇರಿಯವರೆಗಿನ ಕಲ್ಯಾಣ ಮಂಟಪಗಳ ಅಂಗಳಗಳೂ ಅದೇ ಲೆಕ್ಕಕ್ಕೆ ಬರುತ್ತವೆ. 'ಗಾಡಿ ನಿಲ್ಲಿಸೋಕೆ ಜಾಗ ಎಷ್ಟಿದೆ?' ಎಂದು ವಿಚಾರಿಸದೆ ಯಾವ ಹೆಣ್ಣಿನ ತಂದೆಯೂ ಅಡ್ವಾನ್ಸ್ ಕೊಡುವುದಿಲ್ಲ. ಈ ಮಂಟಪಗಳಲ್ಲಿ ಬಹಳಷ್ಟು ಒಬ್ಬರ ಸ್ವತ್ತಾಗಿರುವುದಿಲ್ಲ. ಟ್ರಸ್ಟಿನದೋ, ಸಮುದಾಯದ ಸಂಘದ್ದೋ, ದೇವಸ್ಥಾನದ್ದೋ ಆಗಿರುತ್ತವೆ. ಹಾಗಾಗಿ ಮಳೆಗಾಲಕ್ಕೆ ಅಂಗಳ ಕೆಸರಾಗಿ, ಡಾಂಬರು ಹಾಕಿಸುವುದೋ ಕಾಂಕ್ರೀಟ್ ಹಾಕಿಸುವುದೋ ಎಂಬ ಮಾತು ಕಾರ್ಯಕಾರಿ ಸಮಿತಿಯ ಮುಂದೆ ಬಂದಾಗ, ಅಲ್ಲಿ ಕೂತವರು ತಮ್ಮ ಹಣದ ಬಗ್ಗೆ ಮಾತಾಡುತ್ತಿರುವುದಿಲ್ಲ. ತೀರಿಹೋದವರು ಕೊಟ್ಟ ದುಡ್ಡನ್ನು, ಇನ್ನೂ ಹುಟ್ಟದವರಿಗೂ ಸೇರಿದ ನೆಲದ ಮೇಲೆ ಸುರಿಯುವ ತೀರ್ಮಾನ ಅದು.

ಧರ್ಮಶಾಸ್ತ್ರದ ಪ್ರಶ್ನೆ ಇಷ್ಟು ಸಾಮಾನ್ಯ ವೇಷದಲ್ಲಿ ಬರುವುದು ಅಪರೂಪ.

ಮೊದಲು ಲೆಕ್ಕ ನೋಡಬಹುದು. ಹತ್ತು ಸಾವಿರ ಚದರ ಅಡಿಯ ಅಂಗಳ, ಅಂದರೆ ಸುಮಾರು 930 ಚದರ ಮೀಟರ್. ತಿರುಗಲು ಜಾಗ ಬಿಟ್ಟರೆ ಮೂವತ್ತು ಮೂವತ್ತೈದು ಕಾರು ಹಿಡಿಸುತ್ತವೆ. ಆರು ಇಂಚು ದಪ್ಪ ಕಾಂಕ್ರೀಟ್ ಹಾಕಿದರೆ 140 ಘನ ಮೀಟರ್ ಬೇಕು. ಸಾವಿರ ಚೀಲದ ಹತ್ತಿರ ಸಿಮೆಂಟು. ಅದೇ ಜಾಗಕ್ಕೆ ವೆಟ್‌ಮಿಕ್ಸ್ ಬುನಾದಿಯ ಮೇಲೆ ಮೂರು ಇಂಚಿನಷ್ಟು ಡಾಂಬರು ಮಿಶ್ರಣ ಹಾಸಿದರೆ ಶುದ್ಧ ಡಾಂಬರು ಎಂಟೊಂಬತ್ತು ಟನ್ ಸಾಕು, ಉಳಿದದ್ದೆಲ್ಲ ಜಲ್ಲಿ ಮತ್ತು ಎಂ ಸ್ಯಾಂಡ್. ಡಾಂಬರು ಬಿಸಿಯಾಗಿಯೇ ಬಂದು, ರೋಲರ್ ಓಡಾಡಿ, ಮಾರನೇ ದಿನದ ಮದುವೆಗೆ ಸಿದ್ಧವಾಗುತ್ತದೆ. ಕಾಂಕ್ರೀಟ್ ಹಾಗೆ ಬಗ್ಗುವುದಿಲ್ಲ. ಗೋಣಿಚೀಲ ಹೊದಿಸಿ ನೀರು ಹಾಯಿಸಬೇಕು, ಪೂರ್ತಿ ಬಲ ಬರಲು 28 ದಿನ ಕಾಯಬೇಕು. ಮಾಘ, ಫಾಲ್ಗುಣದಲ್ಲಿ ನಾಲ್ಕು ವಾರ ಮಂಟಪದ ಗೇಟು ಮುಚ್ಚಲು ಒಪ್ಪುವ ಟ್ರಸ್ಟ್ ಸಿಗುವುದು ಕಷ್ಟ.

ನಿಂತ ಗಾಡಿ, ಓಡುವ ಗಾಡಿಗಿಂತ ಡಾಂಬರಿಗೆ ಹೆಚ್ಚು ಕೇಡು ಮಾಡುತ್ತದೆ. ಏಪ್ರಿಲ್ ಮಧ್ಯಾಹ್ನ ವಿಜಯನಗರದ ಯಾವುದೇ ಹಳೆಯ ಪಾರ್ಕಿಂಗ್ ಅಂಗಳದಲ್ಲಿ ಬಗ್ಗಿ ನೋಡಿದರೆ ಸ್ಕೂಟರ್‌ಗಳ ಸೈಡ್ ಸ್ಟ್ಯಾಂಡ್ ಕೊರೆದ ಕುಳಿಗಳು ಸಾಲಾಗಿ ಕಾಣುತ್ತವೆ. ತಿಳಿದವರು ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲೊಂದನ್ನು ಇಟ್ಟುಹೋಗಿರುತ್ತಾರೆ. ಎಂಜಿನ್ನಿನಿಂದ ತೊಟ್ಟಿಕ್ಕುವ ಆಯಿಲ್ಲು, ಡೀಸೆಲ್ಲು ಡಾಂಬರನ್ನೇ ಕರಗಿಸುತ್ತವೆ, ಏಕೆಂದರೆ ಎಲ್ಲವೂ ಒಂದೇ ಕಚ್ಚಾ ತೈಲದ ಸಂತಾನ. ಕಾಂಕ್ರೀಟಿನ ಮೇಲೆ ಅದೇ ಎಣ್ಣೆ ಬರೀ ಕಲೆ. ಬಸ್ ನಿಲ್ದಾಣಗಳಲ್ಲಿ ಬಸ್ಸು ಬಂದು ನಿಲ್ಲುವ ಜಾಗಕ್ಕೆ ಕಾಂಕ್ರೀಟನ್ನೇ ಹಾಕುವುದು ಇದಕ್ಕೇ. ಆದರೆ ಕಾಂಕ್ರೀಟು ಒಣಗುವಾಗ ಕುಗ್ಗುತ್ತದೆ, ಕುಗ್ಗಿದರೆ ಸೀಳುತ್ತದೆ. ಎಲ್ಲಿ ಸೀಳಬೇಕು ಎಂದು ನಾಲ್ಕು ನಾಲ್ಕೂವರೆ ಮೀಟರಿಗೊಂದು ಗೆರೆ ಕೊಯ್ದು ಹೇಳಿಕೊಡದಿದ್ದರೆ ತನಗೆ ತೋಚಿದ ಕಡೆ ಸೀಳಿಕೊಳ್ಳುತ್ತದೆ.

ಸಮಿತಿಯಲ್ಲಿ ಸಾಮಾನ್ಯವಾಗಿ ಗೆಲ್ಲುವ ವಾದ ಬಾಳಿಕೆಯದು. ರಸ್ತೆ ಎಂಜಿನಿಯರುಗಳು ಡಾಂಬರಿಗೆ ಹದಿನೈದು ಇಪ್ಪತ್ತು ವರ್ಷ, ಕಾಂಕ್ರೀಟಿಗೆ ಮೂವತ್ತು ವರ್ಷ ಲೆಕ್ಕ ಹಿಡಿಯುವುದು ವಾಡಿಕೆ. ಡಾಂಬರಿಗೆ ಆಯಸ್ಸಿನ ನಡುವೆ ತೇಪೆ, ಮೇಲ್ಪದರ ಎಂದು ಖರ್ಚು ಬರುತ್ತಲೇ ಇರುತ್ತದೆ. ಕಾಂಕ್ರೀಟಿಗೆ ಖರ್ಚೆಲ್ಲ ಮೊದಲ ದಿನವೇ. 'ಒಂದು ಸಲ ಹಾಕಿ ಮರೆತುಬಿಡೋಣ' ಎಂದು ಯಾರಾದರೂ ಹಿರಿಯರು ಹೇಳಿದರೆ ಸಭೆ ತಲೆದೂಗುತ್ತದೆ.

ನಾಳೆಯ ಖರ್ಚನ್ನು ಇಂದಿನ ಬೆಲೆಗೆ ಇಳಿಸಲು ಅರ್ಥಶಾಸ್ತ್ರದವರ ಬಳಿ ಒಂದು ವಿಧಾನವಿದೆ. ಭಾರತದ ಹೆದ್ದಾರಿ ಯೋಜನೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಶೇ 12ರ ದರ ಹಿಡಿದರೆ, ಮೂವತ್ತು ವರ್ಷದ ಆಚೆ ಖರ್ಚಾಗುವ ಒಂದು ರೂಪಾಯಿಗೆ ಇಂದು ಮೂರು ಪೈಸೆ ಚಿಲ್ಲರೆ ಬೆಲೆ. ಶೇ 4 ಹಿಡಿದರೆ ಅದೇ ರೂಪಾಯಿ 31 ಪೈಸೆ. ದರ ಏರಿಸಿದರೆ ಡಾಂಬರು ಗೆಲ್ಲುತ್ತದೆ, ಇಳಿಸಿದರೆ ಕಾಂಕ್ರೀಟು. ಅಂದರೆ ಅಂಕಿಗಳ ಹಿಂದೆ ಅವಿತಿರುವುದು ಮೊಮ್ಮಗನ ಕಷ್ಟಕ್ಕೆ ನಾವು ಎಷ್ಟು ತೂಕ ಕೊಡುತ್ತೇವೆ ಎಂಬ ಪ್ರಶ್ನೆ. 1928ರಲ್ಲಿ ಕೇಂಬ್ರಿಜ್‌ನ ತತ್ತ್ವಜ್ಞ ಫ್ರ್ಯಾಂಕ್ ರ‍್ಯಾಮ್ಸೆ, ಆಗ ಇಪ್ಪತ್ತೈದರ ತರುಣ, ಉಳಿತಾಯದ ಕುರಿತ ಲೇಖನವೊಂದರಲ್ಲಿ ಹೀಗೆ ಮುಂದಿನವರ ಸುಖವನ್ನು ಕೇವಲ ಅದು ಮುಂದಿನದು ಎಂಬ ಕಾರಣಕ್ಕೆ ಕಡಿಮೆ ಎಣಿಸುವುದು ನೈತಿಕವಾಗಿ ಸಮರ್ಥನೀಯವಲ್ಲ ಎಂದು ವಾದಿಸಿದ. ಋಣತ್ರಯದ ಕಲ್ಪನೆ ಕೇಳಿ ಬೆಳೆದವರಿಗೆ ಇದು ಹೊಸದೇನೂ ಅಲ್ಲ. ಪಿತೃಋಣವನ್ನು ಹಿಂದಕ್ಕೆ ಕಟ್ಟಲಾಗದು, ಸಂತಾನದ ಮೂಲಕ ಮುಂದಕ್ಕೇ ಕಟ್ಟಬೇಕು.

ಆದರೆ ರ‍್ಯಾಮ್ಸೆಯ ಮಾತು ಹಿಡಿದು ನೇರ ಕಾಂಕ್ರೀಟ್ ಲಾರಿಗೆ ಫೋನ್ ಮಾಡುವ ಮುನ್ನ ಇನ್ನೊಂದು ಕಡೆಯನ್ನೂ ನೋಡಬೇಕು. ಮೊಮ್ಮಗನಿಗೆ ಅಲ್ಲಿ ಪಾರ್ಕಿಂಗ್ ಬೇಕೇ ಬೇಕು ಎಂದು ತೀರ್ಮಾನಿಸಿದವರು ಯಾರು? ವಿಜಯನಗರಕ್ಕೆ ಮೆಟ್ರೊ ಬಂದಿದ್ದು 2015ರ ನವೆಂಬರಿನಲ್ಲಿ, ಕೆಂಗೇರಿಗೆ 2021ರ ಆಗಸ್ಟಿನಲ್ಲಿ. ಮೂವತ್ತು ವರ್ಷ ಹಿಂದೆ ಇದೇ ಬಡಾವಣೆಗಳಲ್ಲಿ ಎಷ್ಟು ಮನೆಗಳ ಮುಂದೆ ಕಾರಿತ್ತು ಎಂದು ಹಳಬರನ್ನು ಕೇಳಿದರೆ ಬೆರಳು ಮಡಿಸಿ ಎಣಿಸುತ್ತಾರೆ. ಇನ್ನು ಮೂವತ್ತು ವರ್ಷಕ್ಕೆ ಆ ಅಂಗಳದಲ್ಲಿ ಶಾಲೆ ಏಳಬಹುದು, ಮತ್ತೆ ತೋಟವೇ ಬರಬಹುದು. ಮೊಮ್ಮಕ್ಕಳಿಗೆ ರಿಪೇರಿಯ ಬಿಲ್ಲು ಬಿಟ್ಟುಹೋಗುವುದು ಒಂದು ತಪ್ಪಾದರೆ, ಒಡೆಯಲು ಬ್ರೇಕರ್ ತರಿಸಬೇಕಾದ ಚಪ್ಪಡಿಯನ್ನು ಬಿಟ್ಟುಹೋಗುವುದು ಇನ್ನೊಂದು. ಅಗೆದ ಡಾಂಬರನ್ನು ಮತ್ತೆ ಬಿಸಿಮಾಡಿ ಹೊಸ ಮಿಶ್ರಣಕ್ಕೆ ಸೇರಿಸಬಹುದು. ಒಡೆದ ಕಾಂಕ್ರೀಟು ಹೆಚ್ಚೆಂದರೆ ಜಲ್ಲಿಯಾಗುತ್ತದೆ, ಸಿಮೆಂಟ್ ಸುಡುವಾಗ ಹೊರಬಿದ್ದ ಹೊಗೆ ಹಿಂದಕ್ಕೆ ಬರುವುದಿಲ್ಲ. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7–8 ಭಾಗ ಸಿಮೆಂಟಿನದು.

ಈ ಊರು ಇದೇ ಪಾಠವನ್ನು ದೊಡ್ಡ ಮಟ್ಟದಲ್ಲಿ ಕಲಿಯುತ್ತಿದೆ. ಆಗಿನ ಬಿಬಿಎಂಪಿ ಕಳೆದ ದಶಕದ ಉತ್ತರಾರ್ಧದಲ್ಲಿ ಮುಖ್ಯರಸ್ತೆಗಳಿಗೆ ವೈಟ್ ಟಾಪಿಂಗ್, ಅಂದರೆ ಡಾಂಬರಿನ ಮೇಲೆ ಕಾಂಕ್ರೀಟ್ ಹಾಸುವ ಕೆಲಸ, ಶುರು ಮಾಡಿದಾಗ ಕೊಟ್ಟ ಕಾರಣವೂ ಗುಂಡಿಯಿಂದ ಮುಕ್ತಿ, ಮೂವತ್ತು ವರ್ಷದ ನಿಶ್ಚಿಂತೆ. ರಸ್ತೆ ನಿಜಕ್ಕೂ ಗಟ್ಟಿಯಾಯಿತು. ಅದರ ಅಡಿಯಲ್ಲಿ ಹರಿಯುವ ಕಾವೇರಿ ಪೈಪು, ಒಳಚರಂಡಿ, ಬೆಸ್ಕಾಂ ಕೇಬಲ್ಲು ಮಾತ್ರ ಮೂವತ್ತು ವರ್ಷ ಸುಮ್ಮನಿರಲು ಒಪ್ಪಂದ ಮಾಡಿಕೊಂಡಿಲ್ಲ. ಹಾಗಾಗಿ ಕಾಂಕ್ರೀಟ್ ಸುರಿಯುವ ಮುಂಚೆ ಅವನ್ನೆಲ್ಲ ಪಕ್ಕಕ್ಕೆ ಸರಿಸಬೇಕು, ಆ ಕೆಲಸಕ್ಕೆ ತಿಂಗಳುಗಟ್ಟಲೆ ರಸ್ತೆ ಬಂದ್, ಸುತ್ತಮುತ್ತಲ ಅಂಗಡಿಗಳ ಶಾಪ. ರಸ್ತೆ ಅಗೆಯುವುದೇ ಒಂದು ನಿತ್ಯವ್ರತವಾಗಿರುವ ನಗರಕ್ಕೆ ಅಗೆಯಬಾರದ ರಸ್ತೆ ಕೊಟ್ಟರೆ ಇನ್ನೇನಾಗುತ್ತದೆ!

ಡಾಂಬರಿನ ಪಕ್ಷಕ್ಕೂ ಇಲ್ಲೇ ನೆರೆಯ ಸಾಕ್ಷಿಯಿದೆ. ಕೆಂಗೇರಿಗೆ ಹೋಗುವ ದಾರಿಯ ಜ್ಞಾನಭಾರತಿ ಆವರಣದ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಿ.ಇ.ಜಿ. ಜಸ್ಟೋ ಮತ್ತು ಎ. ವೀರರಾಘವನ್ 2002ರ ಸುಮಾರಿಗೆ ತ್ಯಾಜ್ಯ ಪ್ಲಾಸ್ಟಿಕ್ ಚೀಲಗಳನ್ನು ಚೂರು ಮಾಡಿ ಡಾಂಬರು ಮಿಶ್ರಣಕ್ಕೆ ಸೇರಿಸಿ ಪರೀಕ್ಷಿಸಿದರು. ಡಾಂಬರಿನ ತೂಕದ ಶೇ 8ರಷ್ಟು ಸೇರಿಸಿದಾಗ ಮಿಶ್ರಣದ ಬಲ ಹೆಚ್ಚಿತು. ನಗರದ ಹಲವು ರಸ್ತೆಗಳಿಗೆ ಆ ಮಿಶ್ರಣ ಬಿತ್ತು. ಎಂಜಿನಿಯರಿಂಗ್ ಓದಿದವರಿಗೆ ಜಸ್ಟೋ ಹೆಸರು ಖನ್ನಾ–ಜಸ್ಟೋ ಎಂಬ ಹೆದ್ದಾರಿ ಪಠ್ಯಪುಸ್ತಕದ ಬೆನ್ನಿನ ಮೇಲೆ ಪರಿಚಿತ.

ಹಾಗಾದರೆ ಶಾಶ್ವತವಾದದ್ದನ್ನು ಕಟ್ಟುವ ಆಸೆಯೇ ತಪ್ಪೇ? ಕನ್ನಡ ನಾಡಿನ ಶಾಸನಗಳು ಈ ವಿಷಯದಲ್ಲಿ ಬಹಳ ವ್ಯವಹಾರಜ್ಞಾನದ ಉತ್ತರ ಕೊಡುತ್ತವೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಿರುವಿದರೆ, ಚಾಲುಕ್ಯರ, ಹೊಯ್ಸಳರ ಕಾಲದ ದಾನಿಗಳು ದೇವಾಲಯಕ್ಕೆ ಭೂಮಿ ಬಿಡುವಾಗ ಯಾವ ಯಾವ ಬಾಬ್ತಿಗೆ ಎಂದು ಬಿಡಿಸಿ ಬರೆಸಿದ್ದು ಮತ್ತೆ ಮತ್ತೆ ಕಾಣುತ್ತದೆ. ದೇವರ ಅಂಗಭೋಗಕ್ಕೆ, ರಂಗಭೋಗಕ್ಕೆ, ತಪಸ್ವಿಗಳ ಆಹಾರದಾನಕ್ಕೆ. ಜೊತೆಗೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಮುರಿದದ್ದು, ಬಿರಿದದ್ದು, ಹಳತಾದದ್ದನ್ನು ಸರಿಪಡಿಸಲಿಕ್ಕೆ. ಅದೇ ಶಾಸನದಲ್ಲಿ ದಾನ ಸೂರ್ಯಚಂದ್ರರಿರುವ ತನಕ ನಡೆಯಲಿ ಎಂಬ ಮಾತೂ ಇರುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕು. ಸೂರ್ಯಚಂದ್ರರ ಆಯುಸ್ಸನ್ನು ಬಯಸಿದವನೇ ಕಲ್ಲು ಬಿರಿಯುತ್ತದೆ ಎಂದು ಮೊದಲ ದಿನವೇ ಒಪ್ಪಿಕೊಂಡು, ಆ ಬಿರುಕಿಗೆ ಗದ್ದೆಯ ಹುಟ್ಟುವಳಿಯನ್ನು ಎತ್ತಿಟ್ಟಿದ್ದಾನೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮಹಾದ್ವಾರದ ಗೋಪುರ ಹಾಳಾದಾಗ, 1397ರಲ್ಲಿ ವಿಜಯನಗರ ಸಾಮ್ರಾಜ್ಯದ ಎರಡನೇ ಹರಿಹರನ ದಂಡನಾಯಕ ಗುಂಡ ಅದನ್ನು ಮತ್ತೆ ಎತ್ತಿಸಿದ. ನಾವಿಂದು ಬೇಲೂರಿನಲ್ಲಿ ನೋಡುವುದು ಒಬ್ಬ ಅರಸನ ಕಲ್ಲಿನ ಗಟ್ಟಿತನವನ್ನಷ್ಟೇ ಎಂದುಕೊಂಡರೆ ಒಂಬೈನೂರು ವರ್ಷದ ದುರಸ್ತಿಯವರಿಗೆ ಅನ್ಯಾಯ.

ಇಂದಿನ ಟ್ರಸ್ಟಿನ ಕೊಟೇಶನ್ನಿನಲ್ಲಿ ಕಾಣೆಯಾಗಿರುವುದು ಆ ಬಾಬ್ತು. ಡಾಂಬರು ಆರಿಸಿದರೆ ಐದಾರು ವರ್ಷಕ್ಕೊಮ್ಮೆ ಬರುವ ಮೇಲ್ಪದರಕ್ಕೆ ಠೇವಣಿ ಇಲ್ಲ. ಕಾಂಕ್ರೀಟು ಆರಿಸಿದರಂತೂ 'ಮರೆತುಬಿಡೋಣ' ಎಂಬ ಮಾತೇ ಆಯ್ಕೆಯ ಕಾರಣ. ಆದರೆ ಕೊಯ್ದ ಗೆರೆಗಳಲ್ಲಿ ತುಂಬಿದ ಸೀಲೆಂಟ್ ಬಿಸಿಲಿಗೆ ಒಣಗಿ ಕಿತ್ತುಬರುತ್ತದೆ, ಆ ಸಂದಿಯಲ್ಲಿ ಇಳಿದ ನೀರು ಅಡಿಯ ಮಣ್ಣನ್ನು ಸಡಿಲಿಸುತ್ತದೆ, ಚಪ್ಪಡಿಯ ಮೂಲೆ ಕುಸಿಯುತ್ತದೆ. ಮರೆತವರ ಕಾಂಕ್ರೀಟಿಗೆ ಮೂವತ್ತು ವರ್ಷ ಯಾರೂ ಬರೆದುಕೊಟ್ಟಿಲ್ಲ. ರೋಮಿನ ಪ್ಯಾಂಥಿಯನ್ ಗುಮ್ಮಟ ಸಾವಿರದ ಒಂಬೈನೂರು ವರ್ಷ ನಿಂತಿರುವುದನ್ನು ಸಿಮೆಂಟ್ ಪಕ್ಷದವರು ತೋರಿಸುವುದುಂಟು. 2023ರಲ್ಲಿ ಎಂಐಟಿಯ ಸಂಶೋಧಕರು ರೋಮನ್ನರ ಗಾರೆಯನ್ನು ಪರೀಕ್ಷಿಸಿ, ಅದರಲ್ಲಿ ಉಳಿದ ಸುಣ್ಣದ ಹರಳುಗಳು ಬಿರುಕಿಗೆ ನೀರು ಹೊಕ್ಕಾಗ ಕರಗಿ ಮತ್ತೆ ಗಟ್ಟಿಯಾಗಿ ಬಿರುಕನ್ನೇ ಮುಚ್ಚುತ್ತವೆ ಎಂದು ತೋರಿಸಿದರು. ದುರಸ್ತಿಯ ಬಾಬ್ತನ್ನು ರೋಮನ್ನರ ಗಾರೆ ಒಳಗೇ ಇಟ್ಟುಕೊಂಡಿತ್ತು.

ಬಸವೇಶ್ವರನಗರದಲ್ಲಿ ಈ ಚರ್ಚೆ ನಡೆದರೆ ಸ್ಥಾವರ–ಜಂಗಮದ ಮಾತು ಬಾರದೆ ಇರದು. ಕಟ್ಟಿ ನಿಲ್ಲಿಸಿದ ಗುಡಿಗಿಂತ ನಡೆದಾಡುವ ದೇಹ, ದುಡಿಯುವ ಕೈ ದೊಡ್ಡದೆಂದು ಹನ್ನೆರಡನೇ ಶತಮಾನದ ಶರಣರು ಹೇಳಿದ್ದು ಸಿರಿವಂತ ದಾನಿಗಳ ಕಲ್ಲಿನ ಗರ್ವವನ್ನು ಕಣ್ಣೆದುರು ಕಂಡೇ. ಕಳಪೆ ಡಾಂಬರು ಹಾಕಿದ ಕಂಟ್ರಾಕ್ಟರು ಆ ಮಾತನ್ನು ತನ್ನ ಸಮರ್ಥನೆಗೆ ಬಳಸಿಕೊಳ್ಳುವಂತಿಲ್ಲ. ಆದರೆ ಕಾಯಕದ ವಿಚಾರ ಇಲ್ಲಿಗೆ ಹೊಂದುತ್ತದೆ: ವರ್ಷಕ್ಕೊಮ್ಮೆ ಸಂದಿ ತುಂಬುವ, ಗುಂಡಿ ಮುಚ್ಚುವ ಮೇಸ್ತ್ರಿಯ ಕೆಲಸವನ್ನು ಉದ್ಘಾಟನೆಯ ಫಲಕಕ್ಕಿಂತ ಕೆಳಗಿಡಲು ಶರಣರು ಒಪ್ಪುತ್ತಿರಲಿಲ್ಲ.

ಎರಡೂ ಪಕ್ಷದವರು ಮರೆತ ಇನ್ನೊಬ್ಬ ಹಕ್ಕುದಾರನಿದ್ದಾನೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಆ ಹತ್ತು ಸಾವಿರ ಚದರ ಅಡಿಯ ಮೇಲೆ ಬೀಳುವುದು ಒಂಬತ್ತು ಲಕ್ಷ ಲೀಟರ್, ಆರು ಸಾವಿರ ಲೀಟರಿನ ನೂರೈವತ್ತು ಟ್ಯಾಂಕರ್. ಡಾಂಬರಾಗಲಿ ಕಾಂಕ್ರೀಟಾಗಲಿ ಅದರಲ್ಲಿ ಬಹುಪಾಲನ್ನು ಆಯಿಲ್ ಕಲೆಯ ಸಮೇತ ರಾಜಕಾಲುವೆಗೆ ತಳ್ಳುತ್ತದೆ, ರಾಜಕಾಲುವೆ ವೃಷಭಾವತಿಗೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕ, ನಾಯಂಡಹಳ್ಳಿ, ಕೆಂಗೇರಿ ದಾಟಿ ಹೋಗುವ ಆ ಹೊಳೆ ಇಂದು ಏನಾಗಿದೆ ಎಂದು ಮೂಗಿರುವ ಎಲ್ಲರಿಗೂ ಗೊತ್ತು. ಇತ್ತ 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಮದುವೆ ಮನೆಗಳೂ ಟ್ಯಾಂಕರಿಗೆ ಕಾದವು.

ಕೆಲಸ ಶುರುವಾಗುವ ದಿನ ಗುದ್ದಲಿ ಪೂಜೆ ತಪ್ಪುವುದಿಲ್ಲ. ತೆಂಗಿನಕಾಯಿ ಒಡೆಯುತ್ತದೆ, ರೋಲರ್ ಚಕ್ರದಡಿ ನಿಂಬೆಹಣ್ಣು ಚಿಟಿಲೆನ್ನುತ್ತದೆ, ಪುರೋಹಿತರು ಭೂಮಿತಾಯಿಯ ಕ್ಷಮೆ ಬೇಡುತ್ತಾರೆ. ಬೆಳಗ್ಗೆ ಎದ್ದು ಕಾಲಿಡುವ ಮುನ್ನ ನೆಲ ಮುಟ್ಟಿ ಕ್ಷಮೆ ಕೇಳುವ ಸಂಪ್ರದಾಯವೇ ಇರುವವರು ನಾವು. ಪಾದದ ಸೋಂಕಿಗೂ ಕ್ಷಮೆ ಬೇಕಾದರೆ ಮೂವತ್ತು ವರ್ಷ ಬಾಯಿ ಮುಚ್ಚಿಸುವುದಕ್ಕೆ ಎಷ್ಟು ಬೇಕು? ಕ್ಷಮೆ ಕೇಳಿದವನು ಮಾಡುವ ತಪ್ಪನ್ನು ಆದಷ್ಟು ಸಣ್ಣದು ಮಾಡಬೇಕು ಎಂಬುದಾದರೂ ಆ ಪ್ರಾರ್ಥನೆಯಲ್ಲಿ ಅಡಗಿರಲೇಬೇಕು.

ಅಲ್ಲಿಂದ ನೋಡಿದರೆ ಇಡೀ ಅಂಗಳಕ್ಕೆ ಒಂದೇ ಹಾಸು ಎಂಬ ಹಟವೇ ಅನಗತ್ಯ. ಕೇಟರಿಂಗ್ ಲಾರಿ, ಬಸ್ಸು ನಿಲ್ಲುವ ಅಡುಗೆಮನೆ ಬದಿಗೆ ಕಾಂಕ್ರೀಟು ಸರಿ. ಅಲ್ಲಿ ಭಾರವೂ ಇದೆ, ಎಣ್ಣೆಯೂ ಇದೆ. ಕಾರು ಓಡಾಡುವ ದಾರಿಗೆ ಡಾಂಬರು ಸಾಕು, ಪೈಪು ಒಡೆದರೆ ಅಗೆದು ಮುಚ್ಚಬಹುದು. ಕಾರು ನಿಲ್ಲುವ ಸಾಲಿಗೆ ಸಂದಿಯಲ್ಲಿ ಹುಲ್ಲು ಬಿಟ್ಟ ಪೇವರ್ ಕಲ್ಲು, ಕಾಂಪೌಂಡಿನ ಉದ್ದಕ್ಕೂ ಬರಿ ಮಣ್ಣು, ಹೊಂಗೆ, ಇಂಗುಗುಂಡಿ. ದೊಡ್ಡ ನಿವೇಶನಗಳಿಗೆ ಮಳೆನೀರು ಸಂಗ್ರಹವನ್ನು ಜಲಮಂಡಳಿ 2009ರಿಂದಲೇ ಕಡ್ಡಾಯ ಮಾಡಿದೆ, ಆದ್ದರಿಂದ ಇದರಲ್ಲಿ ಪುಣ್ಯಕ್ಕಿಂತ ಕಾನೂನಿನ ಪಾಲೇ ಹೆಚ್ಚು. ಪೇವರ್ ಸಾಲಿನ ಹುಲ್ಲಿಗೆ ನೀರು, ಇಂಗುಗುಂಡಿಯ ಹೂಳು, ಕಾಂಕ್ರೀಟಿನ ಸಂದಿ, ಡಾಂಬರಿನ ತೇಪೆ, ನಾಲ್ಕಕ್ಕೂ ವರ್ಷಾವರ್ಷ ಖರ್ಚಿದೆ. ಪ್ರತಿ ಮುಹೂರ್ತದ ಬಾಡಿಗೆಯಲ್ಲಿ ಒಂದು ಪಾಲು ಬೇರೆ ಖಾತೆಗೆ ಹೋಗಬೇಕೆಂದು ಸಮಿತಿ ನಡಾವಳಿಯಲ್ಲಿ ಬರೆಯದ ಹೊರತು, ಖಜಾಂಚಿ ಆ ದುಡ್ಡನ್ನು ಮುಂದಿನ ವರ್ಷ ಎಸಿ ಹಾಲ್‌ಗೆ ಹಾಕಿಬಿಡುತ್ತಾರೆ.