ಹಳೆಯ ಗಾಡಿಯ ಹೊಣೆ

ರಾಯದುರ್ಗ, ಮಡಕಶಿರಗಳ ಸೀಮೆಯಲ್ಲಿ ಹಳೆಯ ಜೀಪನ್ನು ಕೊಳ್ಳುವ ವಾಡಿಕೆ ಬಹಳವಾಗಿದೆ. ಬಳ್ಳಾರಿ, ತುಮಕೂರು, ಬೆಂಗಳೂರುಗಳ ಕಡೆ ಒಬ್ಬಿಬ್ಬರು ಬಳಸಿ ಬಿಟ್ಟ ಬೊಲೆರೊ, ಸುಮೋ, ಸ್ಕಾರ್ಪಿಯೋಗಳು ಗಡಿ ದಾಟಿ ನಮ್ಮ ಊರುಗಳಿಗೆ ಬರುತ್ತವೆ. ಕೊಳ್ಳುವವನು ಏನನ್ನು ಪರೀಕ್ಷಿಸುವನು? ಬಣ್ಣವನ್ನು ನೋಡುವನು, ಎಂಜಿನ್ನಿನ ಸದ್ದಿಗೆ ಕಿವಿಗೊಡುವನು, ಹೊಗೆ ಕರಿಯದೋ ಬಿಳಿಯದೋ ಎಂದು ಗಮನಿಸುವನು, ಕರ್ನಾಟಕದ ಗಾಡಿಯಾದರೆ ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಉಂಟೋ ಇಲ್ಲವೋ ಎಂದು ಹತ್ತು ಸಲ ಕೇಳುವನು. ಇವೆಲ್ಲವೂ ಅವನ ಹಣಕ್ಕೆ ಸಂಬಂಧಪಟ್ಟವು. ಟಯರು, ಬ್ರೇಕುಗಳ ಮಾತು ಬಂದಾಗ ಮಾತ್ರ, 'ಫಸಲು ಬರಲಿ, ಹಾಕಿಸೋಣ' ಎಂದುಬಿಡುವನು. ಈ ಸಣ್ಣ ಮಾತಿನೊಳಗೆ ದೊಡ್ಡದೊಂದು ಧರ್ಮಪ್ರಶ್ನೆ ಅಡಗಿದೆಯೆಂದು ನಮಗೆ ತೋರುತ್ತದೆ. ಸವೆದ ಟಯರಿನಲ್ಲಿ ವರ್ಷಗಟ್ಟಲೆ ಓಡಾಡಿಯೂ ಯಾರಿಗೂ ಕೇಡಾಗದಿದ್ದರೆ, ಆ ಗಾಡಿಯವನು ನಿರ್ದೋಷಿಯೆ?

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಅಷ್ಟು ದೊಡ್ಡ ಗಾಡಿ ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯೂ ಹೆಚ್ಚುಕಡಿಮೆ ಅಂಗೈಯಗಲ. ಬ್ರೇಕನ್ನು ತುಳಿದಾಗ ಅದರ ಎಣ್ಣೆಯ ಒತ್ತಡದಿಂದ ಪ್ಯಾಡು, ಶೂಗಳು ಚಕ್ರದ ತಟ್ಟೆಯನ್ನೂ ಡ್ರಮ್ಮನ್ನೂ ಅಮುಕಿ ಹಿಡಿಯುತ್ತವೆ. ಗಾಡಿಯ ಓಟವೆಲ್ಲ ಕಾವಾಗಿ ಮಾರ್ಪಡುತ್ತದೆ. ಆದರೆ ಬ್ರೇಕು ಹಿಡಿಯುವುದು ಚಕ್ರವನ್ನು ಮಾತ್ರ. ಗಾಡಿಯನ್ನು ನಿಲ್ಲಿಸತಕ್ಕದ್ದು ಟಯರು. ಒಂದನ್ನು ಹೊಸದಾಗಿಸಿ ಇನ್ನೊಂದನ್ನು ಬಿಟ್ಟರೆ ಅರ್ಧ ಕೆಲಸವಾಯಿತೆಂದೂ ಹೇಳುವಂತಿಲ್ಲ. ಬ್ರೇಕಿನ ಎಣ್ಣೆಯೂ ಹಳತಾಗುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ತೇವ ಸೇರಿದ ಎಣ್ಣೆ ಇಳಿಜಾರಿನಲ್ಲಿ ಕಾದಾಗ ಬೇಗ ಕುದಿಯುತ್ತದೆ, ಆಗ ತುಳಿದ ಕಾಲು ಬರಿದೆ ಒಳಕ್ಕೆ ಇಳಿದುಹೋಗುತ್ತದೆ. ಗಂಟೆಗೆ 60 ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು 17 ಮೀಟರು. ವೇಗ ಇಮ್ಮಡಿಸಿದರೆ, ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುವುದು. ಶಿಕ್ಷಕಮಿತ್ರರು ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿಸಿದರೆ ಮಕ್ಕಳು ಮರೆಯಲಾರರು.

ಇನ್ನು ನಮ್ಮ ಸೀಮೆಯ ವಿಶೇಷವನ್ನು ಹೇಳಬೇಕು. ಟಯರಿನ ಮೈಮೇಲಿನ ಗೀರುಗಳು ಇರುವುದು ಮುಖ್ಯವಾಗಿ ನೀರಿಗಾಗಿ. ರಸ್ತೆಯ ಮೇಲಿನ ನೀರನ್ನು ಅವು ಪಕ್ಕಕ್ಕೆ ಹಾಯಿಸುತ್ತವೆ. ಒಣ ರಸ್ತೆಯ ಮೇಲೆ ಬೋಳು ಟಯರೂ ಒಂದು ಮಟ್ಟಿಗೆ ಹಿಡಿತ ಕೊಡುತ್ತದೆ. ಅನಂತಪುರವೋ ಮಳೆಗಾಗಿ ಬಾಯಿಬಿಡುವ ನಾಡು. ಮಡಕಶಿರ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದ ಮಾತ್ರಕ್ಕೆ ಆಕಾಶ ಬದಲಾಗಲಿಲ್ಲ. ಹೀಗಾಗಿ ವರ್ಷದ ಬಹುಭಾಗ ಬೋಳು ಟಯರಿನವನು, 'ನೋಡಿ, ಏನಾಯಿತು?' ಎಂದು ಎದೆಯುಬ್ಬಿಸಿ ಕೇಳಬಲ್ಲ. ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆಗಳ ಮೇಲೆ ಮೊದಲ ಮಳೆ ಬಿದ್ದು ರಸ್ತೆ ಜಾರುಬಂಡೆಯಾದ ದಿನ ಉತ್ತರ ದೊರೆಯುತ್ತದೆ.

ಆ ದಿನ ಒಂದೇ ಬಗೆಯ ಬೋಳು ಟಯರಿನ ಎರಡು ಗಾಡಿಗಳು ಒಂದೇ ತಿರುವಿನಲ್ಲಿ ಬರುತ್ತವೆಂದು ಭಾವಿಸೋಣ. ಮೊದಲನೆಯದು ಜಾರಿ ಬೇಲಿಗೆ ತಾಗಿ ನಿಲ್ಲುತ್ತದೆ. ಎರಡನೆಯದು ಜಾರುವ ಹೊತ್ತಿಗೆ ಶಾಲೆ ಬಿಟ್ಟ ಮಗುವೊಂದು ಅಲ್ಲಿರುತ್ತದೆ. ಎರಡನೆಯವನನ್ನು ಊರೆಲ್ಲ ಪಾಪಿಯೆನ್ನುವುದು; ಮೊದಲನೆಯವನನ್ನು ಅದೃಷ್ಟವಂತನೆಂದು ಬೆನ್ನು ತಟ್ಟುವುದು. ಇಬ್ಬರ ನಡತೆಯಲ್ಲಿ ಕೂದಲೆಳೆಯ ಭೇದವಿಲ್ಲ. ಭೇದವೆಲ್ಲ ಮಗು ಹೆಜ್ಜೆಯಿಟ್ಟ ಗಳಿಗೆಯಲ್ಲಿದೆ. ಕೇಡಾಗಲಿಲ್ಲವೆಂಬುದು ಅದೃಷ್ಟದ ಸಾಕ್ಷ್ಯವೇ ಹೊರತು ಸಜ್ಜನಿಕೆಯ ಸಾಕ್ಷ್ಯವಲ್ಲ. ದೋಷ ಹುಟ್ಟಿದ್ದು ತಿರುವಿನಲ್ಲಲ್ಲ, 'ಹಾಕಿಸೋಣ' ಎಂದು ಗಾಡಿಯ ಬೀಗದಕೈ ತಿರುವಿದ ದಿನ.

ಕಾನೂನು ಕೂಡ ಇದೇ ದಾರಿಯಲ್ಲಿ ಯೋಚಿಸಿದೆ. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮು, ಗಾಡಿಯ ದೋಷವನ್ನು ತಿಳಿದೂ ಓಡಿಸಿದವನನ್ನು ಮಾತ್ರವಲ್ಲ, ಸಾಧಾರಣ ಎಚ್ಚರಿಕೆಯಿಂದ ನೋಡಿದ್ದರೆ ತಿಳಿಯಬಹುದಾಗಿದ್ದವನನ್ನೂ, ಓಡಿಸಲು ಬಿಟ್ಟವನನ್ನೂ ತಪ್ಪಿತಸ್ಥನೆನ್ನುತ್ತದೆ. 'ನನಗೆ ಗೊತ್ತಿರಲಿಲ್ಲ' ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ತಿಳಿಯುವುದೂ ಕಷ್ಟವಲ್ಲ. ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಆ ಮಟ್ಟವನ್ನು ತೋರುವ ಸಣ್ಣ ದಿಬ್ಬಗಳು ಗೀರಿನೊಳಗೇ ಇರುತ್ತವೆ. ಟಯರಿನ ಪಕ್ಕದಲ್ಲಿ 2318 ಎಂದು ನಾಲ್ಕು ಅಂಕಿ ಅಚ್ಚಾಗಿದ್ದರೆ ಅದು 2018ರ 23ನೆಯ ವಾರ ತಯಾರಾದದ್ದು. ನೆರಳಿನಲ್ಲಿ ನಿಂತೇ ಮುದಿಯಾದ ಟಯರಿನ ಗೀರು ಪೂರ್ಣವಾಗಿದ್ದರೂ ರಬ್ಬರು ಗಡುಸಾಗಿ ಬಿರುಕು ಬಿಟ್ಟಿರುತ್ತದೆ.

ಬಡತನದ ಮಾತನ್ನು ತಳ್ಳಿಹಾಕಲಾಗದು. ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದ ವರ್ಷ, ಸಾಲ ಮಾಡಿ ಗಾಡಿ ಕೊಂಡ ರೈತನಿಗೆ ನಾಲ್ಕು ಟಯರಿನ ಬೆಲೆ ಬೆಟ್ಟವಾಗಿ ಕಾಣುವುದು ಸಹಜ. ಅವನನ್ನು ಹೀಗಳೆಯಲು ನಾವು ಸಿದ್ಧರಿಲ್ಲ. ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿಕೊಂಡಿರಲು ಬಡತನ ಸಾಕಷ್ಟು ಕಾರಣ. ಆದರೆ ಅದೇ ಗಾಡಿಯಲ್ಲಿ ಹತ್ತನೆಯ ತರಗತಿಯ ಮಕ್ಕಳನ್ನು ಪರೀಕ್ಷಾಕೇಂದ್ರಕ್ಕೆ ತುಂಬಿಕೊಂಡು ಹೋಗಲು ಅದು ಕಾರಣವಾದೀತೆ? ಹತ್ತಿದವರೂ ಬಡವರ ಮಕ್ಕಳೇ. ತಾವು ಯಾವ ಟಯರಿನ ಮೇಲೆ ಕುಳಿತಿದ್ದೇವೆಂದು ಅವರಿಗೆ ತಿಳಿಸಿದವರಿಲ್ಲ. ರಸ್ತೆಯ ಬದಿಯಲ್ಲಿ ಕುರಿ ಹೊಡೆದುಕೊಂಡು ಹೋಗುವವನಂತೂ ಗಾಡಿಯನ್ನು ಹತ್ತಿದವನೇ ಅಲ್ಲ. ಡನ್‌ಲಪ್ ಎಂಬ ಪಶುವೈದ್ಯನು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಗಾಳಿಯ ಟಯರನ್ನು ಮಾಡಿ 1888ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಸ್ವಂತ ಮಗುವಿನ ಮೇಲಿನ ಮಮತೆ ಟಯರನ್ನು ಹುಟ್ಟಿಸಿತು. ಬ್ರೇಕಿಗೆ ಬೇಕಾದುದು ಪರರ ಮಗುವಿನ ಮೇಲಿನ ಮಮತೆ, ಅದು ಅಷ್ಟು ಸುಲಭವಾಗಿ ಹುಟ್ಟುವುದಿಲ್ಲ.

ಕೊನೆಯಲ್ಲಿ, ಬಿಚ್ಚಿದ ಹಳೆಯ ಟಯರಿನ ಗತಿ. ಲಾರಿಯ ಸವೆದ ಟಯರು ಟಯರು-ಗಾಡಿಗೆ ಬಂದರೆ ಚಿಂತೆಯಿಲ್ಲ. ಎತ್ತಿನ ನಡಿಗೆಗೆ ಅದು ಧಾರಾಳವಾಗಿ ಸಾಕು. ಜೀಪಿನ ಬೋಳು ಟಯರು ಮಾತ್ರ ಅಂಗಡಿಯ ಮೂಲೆಯಿಂದ ಇನ್ನೊಬ್ಬ ಬಡವನ ಜೀಪಿಗೇ ಏರುವುದುಂಟು. ಕೊಡುವ ಮುನ್ನ ಅದರ ಪಕ್ಕವನ್ನು ಒಮ್ಮೆ ಸೀಳಿಬಿಟ್ಟರೆ ಅದು ಅಂಗಳದ ಗಿಡಕ್ಕೆ ಪಾತಿಯಾದೀತು, ಶಾಲೆಯ ಹುಣಸೆಮರಕ್ಕೆ ಉಯ್ಯಾಲೆಯಾದೀತು, ಮತ್ತೆ ರಸ್ತೆಗೆ ಬಾರದು. ಸೀಳಿದ್ದಕ್ಕೆ ಅಂಗಡಿಯವನು ಕೊಡುವ ಹಣ ಕಡಿಮೆಯಾಗುತ್ತದೆ. ಆ ಕಡಿಮೆಯಾದ ರೂಪಾಯಿಗಳನ್ನೂ ಹೊಸ ಟಯರಿನ ಬೆಲೆಯೊಳಗೇ ಸೇರಿಸಿ ಎಣಿಸತಕ್ಕದ್ದೆಂದು ನಮ್ಮ ಮತ.